ಒಂದೇ ಕಾರಿಗೆ ಮೂರು ರೇಟು

ಶೋರೂಂನವರು ಕಳಿಸಿದ ಇನ್ಶೂರೆನ್ಸ್ ಕೊಟೇಶನ್ 14,503 ರೂಪಾಯಿ. ನಮ್ಮ ಬೀದಿಯ ಏಜೆಂಟ್ ಬರೆದುಕೊಟ್ಟದ್ದು 9,241. ಮೊಬೈಲಿನಲ್ಲಿ ಕಾರಿನ ನಂಬರ್ ಹಾಕಿದ ಕೂಡಲೇ ಬಂದದ್ದು 5,142. ಕಾರು ಒಂದೇ, ಓನರ್ ಒಬ್ಬಳೇ, ಪಾಲಿಸಿ ಮುಗಿಯುವ ತಾರೀಕೂ ಒಂದೇ.

ಬೆಂಗಳೂರಿನಲ್ಲಿರುವ ಭಾವನಿಗೆ ಫೋನ್ ಮಾಡಿ ಹೇಳಿದರೆ ಅವರದು ಯಾವಾಗಲೂ ಒಂದೇ ಉತ್ತರ. "ಎಲ್ಲಾ ಅಷ್ಟೇ ಕಣೇ. ಕಮ್ಮಿ ಇರೋದು ಹಾಕ್ಸು, ಪೊಲೀಸ್ನೋರು ಹಿಡಿದಾಗ ತೋರ್ಸೋಕೆ ತಾನೆ?"

ನಾನು ಮೈಸೂರಿನಲ್ಲಿ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯ ಲೆಕ್ಕ ಬರೆಯುವವಳು. ಅಂಗಡಿಗೆ ಕೊಟೇಶನ್ ಬಂದರೆ ಕೆಳಗಿನ ಟೋಟಲ್ ಕಡೆ ಕೊನೆಗೆ ನೋಡುತ್ತೇನೆ. ಗೇಜ್ ಎಷ್ಟು, ಲಾರಿ ಬಾಡಿಗೆ ಸೇರಿದೆಯಾ, ಜಿಎಸ್‌ಟಿ ಮೇಲೆ ಹಾಕ್ತಾರಾ, ಮೊದಲು ಇವು. ಹಾಗಾಗಿ ಮೂರೂ ಕಾಗದ ಮೇಜಿನ ಮೇಲೆ ಹರಡಿಕೊಂಡು ಮೇಲಿನ ಸಾಲಿನಿಂದ ಓದಲು ಕೂತೆ. ಭಾವ ಹೇಳಿದ್ದು ಅರ್ಧ ನಿಜ. ಒಂದು ಭಾಗ ನಿಜಕ್ಕೂ ಎಲ್ಲಾ ಕಂಪನಿಯಲ್ಲೂ ಒಂದೇ. ಮಿಕ್ಕ ಭಾಗದಲ್ಲಿ ಮೂವರೂ ಮಾರುತ್ತಿದ್ದ ಸಾಮಾನೇ ಬೇರೆ ಬೇರೆ.

ಒಂದೇ ಇರುವ ಭಾಗ ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ಬೇರೆಯವರಿಗೆ ಏನಾದರೂ ಆದರೆ ಕೊಡುವ ಪರಿಹಾರಕ್ಕೆ ಇರುವ ವಿಮೆ ಇದು. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗೆ ತರುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಎರಡನೇ ಸಲ 4,000, ಜೈಲಿಗೂ ಅವಕಾಶ ಇದೆ. ಇದರ ದರವನ್ನು ಕಂಪನಿಗಳು ಇಡುವುದಿಲ್ಲ. ಕೇಂದ್ರದ ರಸ್ತೆ ಸಾರಿಗೆ ಇಲಾಖೆ ವಿಮಾ ಪ್ರಾಧಿಕಾರದ ಜೊತೆ ಕೂತು ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಬಂದ ದರ ಹೀಗಿದೆ: 1000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094, ಅಲ್ಲಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897. ನನ್ನದು 1197 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. 2025ರ ಜುಲೈನ ಮೂರೂ ಕೊಟೇಶನ್‌ನಲ್ಲಿ 3,416 ಅಂತಲೇ ಇತ್ತು. ಒಂದು ರೂಪಾಯಿ ಆಚೆ ಈಚೆ ಇಲ್ಲ.

"ಕಾರ್ ಇನ್ಶೂರೆನ್ಸ್ 2,094 ರೂಪಾಯಿಯಿಂದ ಆರಂಭ" ಅಂತ ಜಾಹೀರಾತು ಬರುತ್ತದಲ್ಲ, ಆ 2,094 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು. ಚಿಕ್ಕ ಕಾರಿನ ಥರ್ಡ್ ಪಾರ್ಟಿ ದರ, ಅದೂ ಜಿಎಸ್‌ಟಿ ಸೇರಿಸುವ ಮೊದಲು. ಯಾರೂ ಅದಕ್ಕಿಂತ ಕಮ್ಮಿಗೆ ಕೊಡುವಂತಿಲ್ಲ, ಜಾಸ್ತಿಗೂ ಕೊಡುವಂತಿಲ್ಲ. ನಿಮ್ಮ ಕಾರಿಗೆ ಏನಾದರೂ ಆದರೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ.

3,416ಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 4,031. ಈಗ ಆ ಆನ್‌ಲೈನ್ ರೇಟು ನೋಡಿ. 5,142ರಲ್ಲಿ 4,031 ಕಳೆದರೆ ಉಳಿಯುವುದು 1,111 ರೂಪಾಯಿ. ಮೂರು ಲಕ್ಷದ ಕಾರಿಗೆ ಒಂದು ವರ್ಷದ ರಕ್ಷಣೆ, ಮದುವೆ ಮುಯ್ಯಿ ಕವರಿಗೆ ಹಾಕುವಷ್ಟು ದುಡ್ಡಿಗೆ! ಅಲ್ಲೇ ನನಗೆ ಅನುಮಾನ ಬಂದಿದ್ದು.

ಆ ಉಳಿಕೆ ಭಾಗಕ್ಕೆ ಓನ್ ಡ್ಯಾಮೇಜ್ ಅನ್ನುತ್ತಾರೆ, ಏಜೆಂಟರ ಬಾಯಲ್ಲಿ ಬರೀ 'ಓಡಿ'. ನಮ್ಮ ಕಾರಿಗೆ ಆಗುವ ಜಖಂ, ಕಳ್ಳತನ, ಬೆಂಕಿ, ನೆರೆ ಎಲ್ಲಾ ಇದರಲ್ಲಿ. ಮೊದಲು ಇದಕ್ಕೂ ದೇಶಕ್ಕೆಲ್ಲಾ ಒಂದೇ ದರಪಟ್ಟಿ ಇತ್ತು. 2007ರ ಜನವರಿಯಲ್ಲಿ ಆ ಕಟ್ಟು ಬಿಚ್ಚಿದರು. ಅಂದಿನಿಂದ ಓಡಿ ದರ ಕಂಪನಿಗಳ ಕೈಯಲ್ಲಿದೆ. ತಮಾಷೆ ಅಂದರೆ ಆ ಹಳೇ ಪಟ್ಟಿ ಇನ್ನೂ ಸತ್ತಿಲ್ಲ. ನನ್ನ ಮೂರೂ ಕೊಟೇಶನ್‌ನ ಲೆಕ್ಕ ಅಲ್ಲಿಂದಲೇ ಶುರು. ಹಳೇ ದರ ಹಾಕು, ಆಮೇಲೆ ಅದರ ಮೇಲೆ ಡಿಸ್ಕೌಂಟ್ ಕೊಡು.

ಹಳೇ ಪಟ್ಟಿಯಲ್ಲಿ ಎರಡು ವಲಯ. ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈ, ದೆಹಲಿ, ಪುಣೆ ಸೇರಿ 'ಎ'. ಮಿಕ್ಕ ದೇಶ ಪೂರ್ತಿ 'ಬಿ'. ನಾನಿರುವುದು ಮೈಸೂರು. ಆದರೆ ಕಾರು ತಗೊಂಡಾಗ ಬೆಂಗಳೂರಿನಲ್ಲಿದ್ದೆ, ನಂಬರ್ ಕೆಎ-05. ನಮ್ಮ ನಾದಿನಿಯದೂ ಅದೇ ಮಾಡೆಲ್, ಅದೇ ವರ್ಷ, ಆದರೆ ಕೆಎ-09. ಐದು ವರ್ಷದ ಒಳಗಿನ ಈ ಸೈಜಿನ ಕಾರಿಗೆ 'ಎ' ವಲಯದ ದರ ಶೇ. 3.283, 'ಬಿ'ಗೆ 3.191. ಕಾರಿನ ಬೆಲೆ 3,60,000 ಅಂತ ಹಿಡಿದರೆ ನನಗೆ 11,819, ಅವಳಿಗೆ 11,488. ಇಬ್ಬರ ಕಾರೂ ನಿಲ್ಲುವುದು ಕುವೆಂಪುನಗರದ ಒಂದೇ ಮರದ ಕೆಳಗೆ. ಹೋಗಲಿ, 331 ರೂಪಾಯಿ ದೊಡ್ಡ ಮಾತಲ್ಲ, ಡಿಸ್ಕೌಂಟ್ ಆದ ಮೇಲೆ ಅದೂ ಕರಗುತ್ತದೆ.

ದೊಡ್ಡ ಮಾತು ಡಿಸ್ಕೌಂಟ್. ಆ 11,819ರ ಮೇಲೆ ಶೋರೂಂ ಮೂಲಕ ಬಂದ ಕಂಪನಿ ಶೇ. 30 ಬಿಟ್ಟಿತ್ತು. ಏಜೆಂಟ್ ತಂದ ಸರ್ಕಾರಿ ಕಂಪನಿ 60. ಆನ್‌ಲೈನ್ ಕಂಪನಿ 75. ಯಾಕೆ ಇಷ್ಟು ವ್ಯತ್ಯಾಸ ಅನ್ನೋದಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು, ಆ ಮೂರು ಕಾಗದ ಹೋಲಿಸುವ ಸ್ಥಿತಿಯಲ್ಲೇ ಇರಲಿಲ್ಲ.

ಮೊದಲನೆಯದು ಐಡಿವಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಹೆಚ್ಚೆಂದರೆ ಎಷ್ಟು ಅನ್ನುವ ಮೊತ್ತ ಇದು. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೂ ಪೂರ್ತಿ ಹಾಳಾದ ಲೆಕ್ಕವೇ. ಅದೇ ಮಾಡೆಲ್‌ನ ಈಗಿನ ಶೋರೂಂ ಬೆಲೆಯಲ್ಲಿ ಸವಕಳಿ ಕಳೆದು ಐಡಿವಿ ಕಟ್ಟುತ್ತಾರೆ. ಆರು ತಿಂಗಳೊಳಗೆ ಶೇ. 5, ಒಂದು ವರ್ಷಕ್ಕೆ 15, ಎರಡಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ನನ್ನ ಕಾರಿಗೆ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಆಗಿನ ಶೋರೂಂ ಬೆಲೆ 7,20,000, ಅದರಲ್ಲಿ ಶೇ. 50 ಕಳೆದರೆ 3,60,000. ಶೋರೂಂ ಮತ್ತು ಏಜೆಂಟ್ ಇಬ್ಬರೂ ಅದನ್ನೇ ಹಾಕಿದ್ದರು. ಆನ್‌ಲೈನ್‌ನಲ್ಲಿ 3,06,000. ಐಡಿವಿಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿಕೊಳ್ಳಲು ಅಲ್ಲಿ ಅವಕಾಶ ಕೊಡುತ್ತಾರೆ. ತೋರಿಸುವಾಗ ಮಾತ್ರ ತೀರಾ ಕೆಳಗಿನದನ್ನೇ ತೋರಿಸುತ್ತಾರೆ, ರೇಟು ಚಿಕ್ಕದಾಗಿ ಕಾಣಬೇಕಲ್ಲ.

ಮೊಬೈಲಿನಲ್ಲಿ ಐಡಿವಿ ಹೆಚ್ಚು ಕಮ್ಮಿ ಮಾಡುವ ಗುಂಡಿಯನ್ನು 3,60,000ಕ್ಕೆ ಎಳೆದೆ. ಪ್ರೀಮಿಯಂ ಏರಿದ್ದು ಎಲ್ಲಾ ಸೇರಿ 300 ರೂಪಾಯಿಯ ಒಳಗೆ. ಅಷ್ಟಕ್ಕೆ 54,000 ರೂಪಾಯಿ ಬಿಟ್ಟುಕೊಡುವುದು ಯಾವ ಲೆಕ್ಕ? ಕಾರು ಮನೆ ಮುಂದಿನಿಂದ ಹೋದ ದಿನ ಆ 54,000 ಯಾರು ಕೊಡುತ್ತಾರೆ?

ಎರಡನೆಯದು ಎನ್‌ಸಿಬಿ. ಕ್ಲೇಮ್ ಮಾಡದೆ ವರ್ಷ ಕಳೆದರೆ ಸಿಗುವ ರಿಯಾಯಿತಿ. ಒಂದು ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೆಯದಕ್ಕೆ 50, ಅಲ್ಲಿಗೆ ನಿಲ್ಲುತ್ತದೆ. ಇದು ಓಡಿ ಮೇಲೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. 2021ರ ಜುಲೈನಲ್ಲಿ ಕಾರು ತಗೊಂಡೆ, ಒಂದೂ ಕ್ಲೇಮ್ ಮಾಡಿಲ್ಲ, ಹಾಗಾಗಿ ನನಗೆ ಬರಬೇಕಾದ್ದು 45. ಆನ್‌ಲೈನ್ ಫಾರಂನಲ್ಲಿ ತಾನಾಗೇ 50 ಅಂತ ತುಂಬಿತ್ತು. ಅಷ್ಟಕ್ಕೆ ಉಳಿಯುತ್ತಿದ್ದದ್ದು 111 ರೂಪಾಯಿ. ಆದರೆ ಪ್ರಪೋಸಲ್‌ನ ಕೆಳಗೆ ಒಂದು ಘೋಷಣೆ ಇರುತ್ತದೆ, ಯಾರೂ ಓದುವುದಿಲ್ಲ. ಎನ್‌ಸಿಬಿ ತಪ್ಪು ಅಂತ ಕಂಡುಬಂದರೆ ಪಾಲಿಸಿಯ ಮೊದಲ ಭಾಗದ ಎಲ್ಲಾ ಸೌಲಭ್ಯ ರದ್ದು ಅಂತ. ಮೊದಲ ಭಾಗ ಅಂದರೆ ಓನ್ ಡ್ಯಾಮೇಜ್ ಪೂರ್ತಿ. ಹಳೇ ಕಂಪನಿಯಲ್ಲಿ ವಿಚಾರಿಸಿದರೆ ಗೊತ್ತಾಗಿಬಿಡುತ್ತದೆ. ದುಡ್ಡು ಕಟ್ಟಿಸಿಕೊಳ್ಳುವಾಗ ಯಾರೂ ಕೇಳದೆ, ಕ್ಲೇಮ್ ಹಾಕಿದಾಗ ಕೇಳಿದರೆ? ಅದನ್ನು 45 ಮಾಡಿಯೇ ಮುಂದಕ್ಕೆ ಹೋದೆ.

ಶೋರೂಂ ಹುಡುಗನ ಒಂದು ಮಾತು ಇಲ್ಲಿ ಹೇಳಲೇಬೇಕು. "ಮೇಡಂ, ನಮ್ಮಲ್ಲಿ ನಿಮ್ಗೆ ಎನ್‌ಸಿಬಿನೇ 3,723 ರೂಪಾಯಿ ಸಿಗ್ತಿದೆ, ಬೇರೆ ಕಡೆ ಇಷ್ಟು ಸಿಗಲ್ಲ ನೋಡಿ!" ಅವನು ಸುಳ್ಳು ಹೇಳಲಿಲ್ಲ. ಏಜೆಂಟ್ ಕೊಟೇಶನ್‌ನಲ್ಲಿ ಅದೇ 45 ಅಂದರೆ 2,127, ಆನ್‌ಲೈನ್‌ನಲ್ಲಿ 1,330. ಯಾಕೆಂದರೆ ಕಂಪನಿ ಡಿಸ್ಕೌಂಟ್ ಕಳೆದು ಉಳಿದ ಮೊತ್ತದ ಮೇಲೆ ಎನ್‌ಸಿಬಿ. ಮೂಲ ರೇಟು ದೊಡ್ಡದಿದ್ದಷ್ಟೂ ಎನ್‌ಸಿಬಿ ದೊಡ್ಡದಾಗಿ ಕಾಣುತ್ತದೆ. ಇಷ್ಟು ಚೆನ್ನಾಗಿ ಮಾರುವ ಹುಡುಗನನ್ನು ನಮ್ಮ ಅಂಗಡಿಗೆ ಕರೆದುಕೊಳ್ಳಬೇಕು ಅನ್ನಿಸಿತು.

ಇದರಿಂದ ಇನ್ನೊಂದು ಲೆಕ್ಕವೂ ಹೊಳೆಯಿತು. ಗೇಟಿಗೆ ಉಜ್ಜಿದ ಗೀರಿಗೆಲ್ಲಾ ಕ್ಲೇಮ್ ಹಾಕಿದರೆ ಮುಂದಿನ ವರ್ಷ ಎನ್‌ಸಿಬಿ ಸೊನ್ನೆಗೆ ಇಳಿಯುತ್ತದೆ. ಏಜೆಂಟ್ ರೇಟಿನಲ್ಲಿ ನನಗೆ ಅದರ ಬೆಲೆ ಮೊದಲ ವರ್ಷವೇ ಎರಡೂವರೆ ಸಾವಿರದ ಆಸುಪಾಸು, ಮತ್ತೆ 50ಕ್ಕೆ ಹತ್ತುವವರೆಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಅದಕ್ಕೇ ಮೂರು ನಾಲ್ಕು ಸಾವಿರದ ಕೆಲಸವನ್ನು ಕೈಯಿಂದ ಮಾಡಿಸುವುದೇ ವಾಸಿ. ಅಂದ ಹಾಗೆ ಎನ್‌ಸಿಬಿ ಕಾರಿನದಲ್ಲ, ಓನರದು. ಕಾರು ಮಾರಿದರೆ ಹಳೇ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನ ದಾಟಿಸಿದರೆ ಮಾತ್ರ ಕೈಬಿಟ್ಟು ಹೋಯಿತು.

ಮೂರನೆಯದು ಇನ್ನೂ ಸಣ್ಣ ಅಕ್ಷರದಲ್ಲಿತ್ತು. 'ವಾಲಂಟರಿ ಡಿಡಕ್ಟಬಲ್ 5,000', ಪಕ್ಕದಲ್ಲಿ ಟಿಕ್. ಪ್ರತಿ ಕ್ಲೇಮ್‌ನಲ್ಲಿ ಮೊದಲ ಐದು ಸಾವಿರ ನಾನೇ ಹಾಕಿಕೊಳ್ಳುತ್ತೇನೆ ಅಂತ ಒಪ್ಪಿಗೆ. ಕಡ್ಡಾಯವಾಗಿ ಹಾಕಿಕೊಳ್ಳಬೇಕಾದ ಸಾವಿರ ಹೇಗೂ ಇದ್ದೇ ಇದೆ, 1500 ಸಿಸಿ ದಾಟಿದ ಕಾರಿಗೆ ಎರಡು ಸಾವಿರ. ಇದು ಅದರ ಮೇಲೆ. ಟಿಕ್ ತೆಗೆದು ನೋಡಿದೆ. ಈ ಒಪ್ಪಿಗೆಗೆ ಅವರು ಕೊಡುತ್ತಿದ್ದದ್ದು ವರ್ಷಕ್ಕೆ ಐನೂರಕ್ಕಿಂತ ಕಮ್ಮಿ. ಹತ್ತು ವರ್ಷ ಒಂದು ಕ್ಲೇಮೂ ಆಗದಿದ್ದರೆ ಲೆಕ್ಕ ಸರಿಹೋಗುತ್ತದೆ. ಮೈಸೂರಲ್ಲೇ ಓಡಾಡಿಕೊಂಡಿದ್ದರೆ ಒಪ್ಪುತ್ತಿದ್ದೆನೋ ಏನೋ. ಅಮ್ಮನ ಮನೆ ಇರುವುದು ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ. ಅಲ್ಲಿ ಹತ್ತು ವರ್ಷದ ಮಾತು ಯಾರು ಆಡುತ್ತಾರೆ?

ಇನ್ನು ಆಡ್‌ಆನ್‌ಗಳು, ಅಂದರೆ ಬೇಕಾದರೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ. ಶೋರೂಂ ಪಟ್ಟಿಯಲ್ಲಿ ಐದಿದ್ದವು, 3,900 ರೂಪಾಯಿ. ಏಜೆಂಟ್ ಪಟ್ಟಿಯಲ್ಲಿ ಒಂದು. ಆನ್‌ಲೈನ್‌ನಲ್ಲಿ ಸೊನ್ನೆ.

ಜೀರೋ ಡೆಪ್, ಅಂದರೆ ಬಿಡಿಭಾಗಕ್ಕೆ ಸವಕಳಿ ಕಳೆಯದೆ ಕೊಡುವ ಆಡ್‌ಆನ್, ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದಕ್ಕೆ ಕಾರಣ ನಮ್ಮ ಅಂಗಡಿಯ ಗೋಡೌನ್ ನೋಡಿಕೊಳ್ಳುವವರ ಬಿಲ್ಲು. ಅವರ ಕಾರಿಗೆ ಆಗ ನಾಲ್ಕನೇ ವರ್ಷ. ಬೋಗಾದಿ ಕಡೆ ರಾತ್ರಿ ಲೈಟಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್‌ಗೆ ಮುಂಭಾಗ ತಗುಲಿತು. ಬಿಲ್ಲು 28,000. ಇನ್ಶೂರೆನ್ಸ್ ಇದೆಯಲ್ಲ ಅಂತ ನಿಶ್ಚಿಂತೆಯಿಂದಿದ್ದರು. ಗಾಡಿ ಬಿಡಿಸಿಕೊಳ್ಳುವ ದಿನ 8,750 ಕಟ್ಟಿ ಅಂದಾಗ ಕಾಗದ ಹಿಡಿದು ನನ್ನ ಮೇಜಿಗೆ ಬಂದರು. "ಮೋಸ ಮಾಡವ್ರೆ ಅಕ್ಕ, ಒಸಿ ನೋಡಿ."

ನೋಡಿದೆ. ಮೋಸ ಏನಿರಲಿಲ್ಲ. ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಕಾರು ಎಷ್ಟೇ ಹೊಸದಿರಲಿ ಅರ್ಧ ಬೆಲೆ ಮಾತ್ರ ಕೊಡುತ್ತಾರೆ. ಬಂಪರ್ 4,800, ಅದರಲ್ಲಿ 2,400 ಇವರದು. ಹೆಡ್‌ಲೈಟ್ 5,200, ಅದರಲ್ಲಿ 2,600. ಬಾನೆಟ್ ಲೋಹ. ಲೋಹಕ್ಕೆ ಕಾರಿನ ವಯಸ್ಸಿನ ಲೆಕ್ಕ, ನಾಲ್ಕನೇ ವರ್ಷದಲ್ಲಿ ಶೇ. 25 ಸವಕಳಿ. 7,000ದಲ್ಲಿ 1,750 ಇವರದು. ಪೇಂಟ್ 8,000, ಅದರಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದಕ್ಕೆ ಅರ್ಧ ಕಡಿತ, 1,000. ಕೂಲಿ 3,000, ಅದಕ್ಕೆ ಕಡಿತ ಇಲ್ಲ. ಕೊನೆಗೆ ಕಡ್ಡಾಯದ 1,000. ಕೂಡಿದರೆ ಸರಿಯಾಗಿ 8,750. ಗಾಜು ಒಡೆದಿದ್ದರೆ ಅದಕ್ಕೆ ಮಾತ್ರ ಪೂರ್ತಿ ಸಿಗುತ್ತಿತ್ತು, ಗಾಜಿಗೆ ಸವಕಳಿ ಇಲ್ಲ. ಜೀರೋ ಡೆಪ್ ಇದ್ದಿದ್ದರೆ ಅವರ ಕೈಯಿಂದ ಹೋಗುತ್ತಿದ್ದದ್ದು ಆ ಕೊನೆಯ ಸಾವಿರ ಮಾತ್ರ. ಅವರು ಪಾಲಿಸಿ ತಗೊಂಡದ್ದು ಟೋಟಲ್ ಕಮ್ಮಿ ಇದೆ ಅಂತಲೇ.

ಎರಡನೆಯದು ಎಂಜಿನ್ ಪ್ರೊಟೆಕ್ಟ್. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಎಲ್ಲಾ ಮುಳುಗಿತ್ತಲ್ಲ, ಆಗ ನಾನು ಅಲ್ಲೇ ಇದ್ದೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೂ ನೀರು ನುಗ್ಗಿತು. ನನ್ನ ಕಾರು ಅದೃಷ್ಟಕ್ಕೆ ಮೇಲೆ ರಸ್ತೆಯಲ್ಲಿತ್ತು. ಪಕ್ಕದ ಮನೆಯವರು ನೀರು ಇಳಿದ ಮೇಲೆ ಕೂತು ಕೀ ತಿರುಗಿಸಿದರು. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಗಾಳಿಯ ಹಾಗೆ ಅದುಮಲು ಆಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಾಗೇ ಆಯಿತು. ಅವರ ಕಂಪನಿ ಸೀಟು, ಕಾರ್ಪೆಟ್, ವೈರಿಂಗ್‌ಗೆ ಕೊಟ್ಟಿತು. ಎಂಜಿನ್‌ಗೆ ಕೊಡಲಿಲ್ಲ. ನೆರೆಯಿಂದ ಆದ ನಷ್ಟ ಅಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಅಂತ ಬರೆದು ಕಳಿಸಿತು. ನೀರಲ್ಲಿ ನಿಂತ ಕಾರಿನ ಕೀ ಮುಟ್ಟದೆ ಟೋ ಮಾಡಿಸಬೇಕು ಅಂತ ಆಮೇಲೆ ಎಲ್ಲರೂ ಹೇಳಿದರು. ಆರೇಳು ನೂರು ರೂಪಾಯಿಯ ಆಡ್‌ಆನ್ ಅದು. ಮಳೆಗಾಲದಲ್ಲಿ ಸರ್ಜಾಪುರ ರಸ್ತೆಗೆ ಹೋಗುವವಳು ನಾನು. ತಗೊಂಡೆ.

ಮಿಕ್ಕವು ಬೇಡ ಅನ್ನಿಸಿತು. ಕೀ ಕಳೆದರೆ ಕೊಡುವುದು, ನಟ್ಟು ಬೋಲ್ಟು ಕೂಲೆಂಟ್‌ಗೆ ಕೊಡುವುದು, ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಸಹಾಯಕ್ಕೆ ಬರುವುದು. ಕೊನೆಯದು ನನ್ನ ಕಾರಿನ ಕಂಪನಿಯಿಂದಲೇ ಇತ್ತು.

ಇನ್ನೊಂದು ಸಾಲು ಇತ್ತು, ಓನರ್‌ಗೆ 15 ಲಕ್ಷದ ಅಪಘಾತ ವಿಮೆ, 375 ರೂಪಾಯಿ. ಇದು ಕಡ್ಡಾಯ, ಆದರೆ ಗಾಡಿಗೊಂದು ಬೇಕಿಲ್ಲ, ಮನುಷ್ಯನಿಗೊಂದು ಸಾಕು. ನನ್ನ ಸ್ಕೂಟರ್ ಪಾಲಿಸಿಯಲ್ಲಿ ಆಗಲೇ ಇದೆ. ಅದನ್ನು ಬರೆದುಕೊಟ್ಟು ತೆಗೆಸಿದೆ. ಶೋರೂಂ ಕಾಗದದಲ್ಲಿ 'ಪೇಯ್ಡ್ ಡ್ರೈವರ್ 50' ಅಂತಲೂ ಇತ್ತು. ನಮ್ಮ ಮನೆಗೆ ಡ್ರೈವರ್ ಎಲ್ಲಿಂದ ಬಂದ?

ಈಗ ಮೂರನ್ನೂ ಒಂದೇ ಅಳತೆಗೆ ತಂದೆ. ಐಡಿವಿ 3,60,000, ಎನ್‌ಸಿಬಿ 45, ವಾಲಂಟರಿ ಇಲ್ಲ, ಜೀರೋ ಡೆಪ್ ಮತ್ತು ಎಂಜಿನ್, ಅಷ್ಟೇ. ಜಿಎಸ್‌ಟಿ ಸೇರಿ ಶೋರೂಂ 12,763. ಏಜೆಂಟ್ 9,435. ಆನ್‌ಲೈನ್ 8,780. ಮೊದಲು ಮೇಲಿಗೂ ಕೆಳಗಿಗೂ 9,361 ರೂಪಾಯಿ ಅಂತರ ಇತ್ತು. ಈಗ 3,983. ಏಜೆಂಟ್‌ಗೂ ಆನ್‌ಲೈನ್‌ಗೂ ಬರೀ 655.

ಈ ಉಳಿದ ಅಂತರ ನಿಜವಾದದ್ದು. ಅದು ಎಲ್ಲಿಂದ ಬರುತ್ತದೆ ಅಂತ ಏಜೆಂಟ್ ಹತ್ತಿರವೇ ಕೇಳಿದೆ. ವಯಸ್ಸಾದವರು, ಟಿವಿಎಸ್ ಮೊಪೆಡ್‌ನಲ್ಲಿ ಫೈಲು ಇಟ್ಟುಕೊಂಡು ಓಡಾಡುವವರು. "ನೋಡಿಮ್ಮ, ನಿಮ್ ಕಾರು ಬೇಕಾದಷ್ಟು ಓಡುತ್ತೆ, ಪಾರ್ಟ್ಸ್ ಎಲ್ಲಾ ಕಡೆ ಸಿಗುತ್ತೆ, ಕ್ಲೇಮ್ ಬಂದ್ರೂ ಸಣ್ಣದು. ಅದಕ್ಕೆ 60 ಬಿಡ್ತಾರೆ. ಅದೇ ದೊಡ್ಡ ಡೀಸೆಲ್ ಗಾಡಿ ತಂದ್ರೆ ನಮ್ ಆಫೀಸಲ್ಲಿ ಅಷ್ಟು ಬಿಡಲ್ಲ." ಪ್ರತಿ ಕಂಪನಿಯೂ ತನ್ನ ಹಳೇ ಕ್ಲೇಮ್‌ಗಳ ಲೆಕ್ಕ ಇಟ್ಟಿರುತ್ತದೆ. ಈ ಮಾಡೆಲ್‌ಗೆ ಎಷ್ಟು ಪ್ರೀಮಿಯಂ ಬಂತು, ಎಷ್ಟು ಕೊಟ್ಟೆವು, ಯಾವ ಆರ್‌ಟಿಒ ನಂಬರ್‌ಗಳು ಜಾಸ್ತಿ ಗುದ್ದಿಸಿಕೊಳ್ಳುತ್ತವೆ. ಒಂದು ಕಂಪನಿಗೆ ಕೈ ಸುಟ್ಟ ಮಾಡೆಲ್ ಇನ್ನೊಂದಕ್ಕೆ ಲಾಭ ತಂದಿರಬಹುದು. ಈಗಿನ ಕೆಲವು ಕಾರುಗಳ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಕೂತಿರುತ್ತದೆ. ಗಾಜು ಬದಲಿಸಿದರೆ ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು. ಅಂಥ ಕಾರಿಗೆ ಡಿಸ್ಕೌಂಟ್ ಬಿಡುವಾಗ ಅವರು ಕೈ ಹಿಡಿಯದೆ ಇರುತ್ತಾರಾ?

ಮಾರುವ ದಾರಿಯ ಖರ್ಚೂ ರೇಟಿನಲ್ಲೇ ಇರುತ್ತದೆ. ಶೋರೂಂಗೆ ಕಮಿಷನ್, ಏಜೆಂಟ್‌ಗೆ ಕಮಿಷನ್, ಆನ್‌ಲೈನ್ ಕಂಪನಿಗೆ ಕ್ರಿಕೆಟ್ ಮ್ಯಾಚ್ ನಡುವಿನ ಜಾಹೀರಾತು. ಜೊತೆಗೆ ಹಸಿವು. ಹೊಸ ಕಂಪನಿ ಗಿರಾಕಿ ಹಿಡಿಯಲು ಈ ವರ್ಷ 75 ಬಿಡುತ್ತದೆ, ಕ್ಲೇಮ್ ಜಾಸ್ತಿ ಆದ ಮುಂದಿನ ವರ್ಷ ಅದೇ ಕಾರಿಗೆ 55 ಮಾಡುತ್ತದೆ. ನಾದಿನಿಗೆ ಹಾಗೇ ಆಯಿತು. ಅವಳು ಗಾಡಿ ಜಾಸ್ತಿ ತೆಗೆಯುವುದೂ ಇಲ್ಲ. ಅಂಥವರಿಗೆ ಕಿಲೋಮೀಟರ್ ಲೆಕ್ಕದ ಪಾಲಿಸಿಗೆ 2022ರ ಜುಲೈನಲ್ಲಿ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಅದನ್ನು ನೋಡು ಅಂದಿದ್ದೇನೆ.

ಶೋರೂಂ ಹುಡುಗನಿಗೆ ಏಜೆಂಟ್ ಕೊಟೇಶನ್ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಮೇಡಂ, ಮ್ಯಾನೇಜರ್ ಹತ್ರ ಮಾತಾಡಿ 10,600ಕ್ಕೆ ಮಾಡ್ಸಿದೀನಿ." ಅದೇ ಕಂಪನಿ, ಅದೇ ಕವರ್. ಎರಡು ಸಾವಿರ ಎಲ್ಲಿ ಅಡಗಿತ್ತು ಅಂತ ಕೇಳಿದೆ. ನಕ್ಕ. ಕೇಳದವರು 12,763ನ್ನೇ ಕಟ್ಟಿರುತ್ತಾರೆ, ಪಾಪ. ಆದರೂ ಶೋರೂಂ ಪಾಲಿಸಿಯನ್ನು ಸುಮ್ನೆ ಬೈಯಲು ಮನಸ್ಸಿಲ್ಲ. ಅವರ ವರ್ಕ್‌ಶಾಪ್‌ಗೆ ಗಾಡಿ ಬಿಟ್ಟರೆ ಜಖಂ ನೋಡಿ ಲೆಕ್ಕ ಹಾಕುವ ಸರ್ವೇಯರ್ ಕರೆಸುವುದು, ಕಾಗದ ಓಡಾಡಿಸುವುದು ಎಲ್ಲಾ ಅವರದೇ. ಕೆಲವರಿಗೆ ಆ ನೆಮ್ಮದಿಗೆ ಎರಡು ಸಾವಿರ ಕೊಡುವುದು ಸರಿ.

ನನಗೆ ಕೊನೆಗೆ ಬೇಕಾಗಿದ್ದದ್ದು ಒಂದೇ ವಿಷಯ, ನಾನು ರಿಪೇರಿಗೆ ಬಿಡುವ ಗ್ಯಾರೇಜಿನಲ್ಲಿ ಯಾವುದು ಕ್ಯಾಶ್‌ಲೆಸ್ ನಡೆಯುತ್ತದೆ. ಹುಣಸೂರು ರಸ್ತೆಯ ಬಾಡಿ ಶಾಪ್‌ಗೆ ಹೋದೆ. ಅಲ್ಲಿನ ಫೋರ್‌ಮನ್ ಬಾಗಿಲಿನ ಡೆಂಟ್ ಎಳೆಯುತ್ತಲೇ ಉತ್ತರ ಕೊಟ್ಟ. ಆನ್‌ಲೈನ್ ಕಂಪನಿ ಇಲ್ಲಿ ಕ್ಯಾಶ್‌ಲೆಸ್ ಇಲ್ಲ, ದುಡ್ಡು ಕಟ್ಟಿ ಆಮೇಲೆ ವಾಪಸ್ ತಗೋಬೇಕು. ಏಜೆಂಟ್ ಕಂಪನಿ ಇದೆ, ಆದರೆ ಸರ್ವೇಯರ್ ಬರುವುದು ಒಂದೆರಡು ದಿನ ತಡ. "ತಡ ಆದ್ರೂ ಬಿಲ್ಲಲ್ಲಿ ಜಾಸ್ತಿ ಕೊಯ್ಯಲ್ಲ ಬಿಡಿ" ಅಂದ. 655 ರೂಪಾಯಿಗೆ ಆ ಮಾತು ಸಾಕಾಯಿತು. 9,435 ಏಜೆಂಟ್‌ಗೆ ಕಟ್ಟಿದೆ. ಚೆಕ್ ಕಂಪನಿ ಹೆಸರಿಗೆ ಬರೆದೆ, ಅವರ ಹೆಸರಿಗಲ್ಲ. ಪಾಲಿಸಿ ಬಂದ ಮೇಲೆ ಎಂಜಿನ್ ನಂಬರ್, ಚಾಸಿ ನಂಬರ್‌ಗಳನ್ನು ಆರ್‌ಸಿ ಜೊತೆ ಇಟ್ಟು ಅಕ್ಷರ ಅಕ್ಷರ ನೋಡಿದೆ.

ಭಾವನಿಗೆ ಇದೆಲ್ಲಾ ಹೇಳಿದ್ದೇ ತಪ್ಪಾಯಿತು. ಈಗ ಅವರ 2016ರ ಡೀಸೆಲ್ ಕಾರಿನ ನಾಲ್ಕು ಕೊಟೇಶನ್ ನನ್ನ ವಾಟ್ಸಾಪ್‌ಗೆ ಬಂದಿವೆ, ಜೊತೆಗೆ ಒಂದು ಕೈಮುಗಿಯುವ ಚಿತ್ರ. ಐದು ವರ್ಷ ದಾಟಿದ ಕಾರಿಗೆ ಐಡಿವಿ ಪಟ್ಟಿಯೇ ಇಲ್ಲ, ಕಂಪನಿಯೂ ಓನರೂ ಮಾತಾಡಿ ಒಪ್ಪಿಕೊಂಡದ್ದೇ ಬೆಲೆ. ನಾಲ್ಕರಲ್ಲಿ ನಾಲ್ಕು ಬೆಲೆ ಇದೆ. ನಿಮ್ಮ ಕಾರು ಇವತ್ತು ಮಾರಿದರೆ ಎಷ್ಟಕ್ಕೆ ಹೋಗುತ್ತದೆ ಅಂತ ಮೊದಲು ವಿಚಾರಿಸಿ ಹೇಳಿ, ಆಮೇಲೆ ನೋಡ್ತೀನಿ ಅಂತ ಬರೆದಿದ್ದೇನೆ.